ಚೆಲ್ಲಿದ ಸೊಪ್ಪಿನ ನೀರು

ಮೊನ್ನೆ ಜೆ.ಪಿ. ನಗರದ ಸಾವಯವ ಅಂಗಡಿಯಲ್ಲಿ ಒಂದು ಸೊಪ್ಪಿನ ಕಟ್ಟನ್ನು ಮೂಗಿನ ಹತ್ತಿರ ಹಿಡಿದೆ. ಒದ್ದೆ ಮರಳಿನ ವಾಸನೆ. ನೀರು ಕುಡಿದು ಉಬ್ಬಿದಂಥ ಪುಟ್ಟ ಎಲೆಗಳು. ‘ಕಡಲತೀರದ ಸೂಪರ್ ಫುಡ್ ಸಾರ್. ಕಬ್ಬಿಣ, ನಾರು, ಎಲ್ಲಾ ಇದೆ’ ಎಂದ ಅಂಗಡಿಯವನು. ನಾನು ಅರ್ಧ ಮಾತ್ರ ಕೇಳಿಸಿಕೊಂಡೆ. ಆ ವಾಸನೆ ಆಗಲೇ ನನ್ನನ್ನು ಬನಶಂಕರಿಯ ನಮ್ಮ ಅಡುಗೆಮನೆಗೆ, ಎಷ್ಟೋ ವರ್ಷ ಹಿಂದಕ್ಕೆ ಎಳೆದೊಯ್ದಿತ್ತು. ಬನ್ನಿ, ನೀವೂ ಒಳಗೆ ಬನ್ನಿ.

ಆಗ ಅಪ್ಪನಿಗೆ ಬಿ.ಪಿ. ಎಂದು ಡಾಕ್ಟರು ಉಪ್ಪಿಗೆ ಕತ್ತರಿ ಹಾಕಿದ್ದರು. ಅಪ್ಪ ಊಟಪ್ರಿಯರು. ಸಪ್ಪೆ ಸಾರು ಕಂಡರೆ ತಟ್ಟೆಯ ಮೇಲೇ ಮುನಿಸು. ಎರಡು ಮುದ್ದೆ ಉಣ್ಣುತ್ತಿದ್ದವರು ಅರ್ಧಕ್ಕಿಳಿದರು, ಅಂಗಿ ಜೋಲಾಡತೊಡಗಿತು. ಉಪ್ಪು ಹಾಕಿದರೆ ಕಾಯಿಲೆಯ ಭಯ, ಹಾಕದಿದ್ದರೆ ಗಂಡ ಉಣ್ಣುವುದಿಲ್ಲ ಎಂದು ಅಮ್ಮ ದಿಗಿಲುಬಿದ್ದಳು. ನಾನೂ ಅಪ್ಪನ ಜೊತೆ ಸಪ್ಪೆ ಉಣ್ಣುತ್ತೇನೆಂದು ಘೋಷಿಸಿದೆ. ನನ್ನ ಪಿತೃಭಕ್ತಿ ಮಾರನೆಯ ದಿನವೇ ಉಪ್ಪಿನಕಾಯಿ ಜಾಡಿಯಲ್ಲಿ ಮುಳುಗಿತು.

ಮಹಡಿಯಲ್ಲಿ ಬಾಡಿಗೆಗಿದ್ದ ಸೆಲ್ವಿ ಆಂಟಿ ತೂತುಕುಡಿ ಕಡೆಯವರು. ಊರಿಂದ ಬರುವಾಗ ಒಂದು ಚೀಲ ಸೊಪ್ಪು ತಂದು ಅಮ್ಮನ ಕೈಗಿಟ್ಟರು.

‘ಉಮರಿ ಕೀರೆ ಅಕ್ಕಾ. ಉಪ್ಪುನೀರಲ್ಲೇ ಬೆಳೆಯತ್ತೆ. ಬೇಯ್ಸಿ, ಬಸ್ದು, ಬೇಳೆ ಹಾಕಿ ಪಲ್ಯ ಮಾಡಿ. ಉಪ್ಪು ಹಾಕ್ಲೇಬೇಡಿ, ಅದ್ರಲ್ಲೇ ಇದೆ.’

ಉಪ್ಪು ಹಾಕದೆಯೂ ರುಚಿ ಕೊಡುವ ಸೊಪ್ಪು! ಅಮ್ಮನ ಮುಖ ಅರಳಿತು. ಹೇಳಿದಂತೆಯೇ ಬೇಯಿಸಿದಳು, ಬಸಿದಳು, ಪಲ್ಯ ಮಾಡಿದಳು. ಆದರೆ ನಮ್ಮ ಕಡೆ ಸೊಪ್ಪು ಬಸಿದ ನೀರನ್ನು ಯಾರಾದರೂ ಚೆಲ್ಲುತ್ತಾರೆಯೇ? ಅದಕ್ಕೆ ಖಾರ ಅರೆದು ಹಾಕಿ ಬಸ್ಸಾರು ಮಾಡಿಬಿಟ್ಟಳು. ಸೊಪ್ಪಿನ ಸತ್ವವೆಲ್ಲ ನೀರಿಗೆ ಇಳಿದಿರುತ್ತದೆ ಎನ್ನುವುದು ಅವಳ ನಂಬಿಕೆ. ಈ ಸಲ ಉಪ್ಪೆಲ್ಲ ಇಳಿದಿತ್ತು.

ಅಪ್ಪ ಮುದ್ದೆ ಮುರಿದು, ಸಾರಿಗೆ ಅದ್ದಿ ನುಂಗಿದರು. ಹುಬ್ಬು ಮೇಲೇರಿತು. ‘ಏನೇ ಇದು, ಸಮುದ್ರಾನೇ ತಂದು ಕುದಿಸಿದ್ಯಾ?’ ಎಂದು ಕೆಮ್ಮುತ್ತಲೇ ನಗತೊಡಗಿದರು. ತಿಂಗಳುಗಟ್ಟಲೆ ಆ ಮನೆಯಲ್ಲಿ ಕೇಳದಿದ್ದ ನಗು.

ಗದ್ದಲ ಕೇಳಿ ಆಂಟಿ ಇಳಿದು ಬಂದರು. ‘ಅಯ್ಯಯ್ಯೋ ಅಕ್ಕಾ, ಆ ನೀರು ಚೆಲ್ಬೇಕು!’

‘ಸೊಪ್ಪಿನ ನೀರು ಚೆಲ್ಲೋದಾ?’ ಅಮ್ಮ ಎದೆಯ ಮೇಲೆ ಕೈಯಿಟ್ಟಳು. ‘ನಮ್ಮತ್ತೆ ಇದ್ದಿದ್ರೆ ನನ್ನೇ ಆಚೆ ಚೆಲ್ಲೋರು!’

ಮಾರನೆಯ ದಿನ ಉಳಿದ ಸೊಪ್ಪನ್ನು ಎರಡು ಸಲ ಬೇಯಿಸಿ, ಎರಡು ಸಲವೂ ಮುಖ ಆಚೆ ತಿರುಗಿಸಿಕೊಂಡು ನೀರು ಚೆಲ್ಲಿದಳು. ತೊಗರಿಬೇಳೆ, ಕಾಯಿತುರಿ, ಒಗ್ಗರಣೆ, ಅಷ್ಟೇ. ಅಪ್ಪ ಒಂದು ಮುದ್ದೆ ಮುಗಿಸಿ, ‘ಇನ್ನೊಂದು ಹಾಕು’ ಎಂದರು. ಅಮ್ಮನಿಗೆ ಎಷ್ಟು ಸಂತೋಷವಾಯಿತೆಂದರೆ, ತಾನು ಉಣ್ಣುವುದನ್ನೇ ಮರೆತು ಎದುರಿಗೆ ಕೂತಿದ್ದಳು. ಡಾಕ್ಟರು ಮಾತ್ರ, ‘ಸೊಪ್ಪು ಒಳ್ಳೇದೇ. ಆದ್ರೆ ಅದ್ರಲ್ಲಿರೋದೂ ಉಪ್ಪೇ ಅಲ್ವಾ? ನೀರು ಚೆಲ್ಲಿ, ಅಪರೂಪಕ್ಕೆ ತಿನ್ನಿ’ ಎಂದರು. ಹಾಗಾಗಿ ಆಂಟಿ ಊರಿಗೆ ಹೋಗಿಬಂದಾಗಲೆಲ್ಲ ನಮ್ಮ ಮನೆಯಲ್ಲಿ ಹಬ್ಬ.

ಈ ವರ್ಷ ಡಾಕ್ಟರು ಉಪ್ಪು ಕಡಿಮೆ ಮಾಡಿ ಎಂದದ್ದು ನನಗೆ. ಒಂದು ವಾರದಿಂದ ತಟ್ಟೆಯ ಮೇಲೆ ಮುನಿಸಿಕೊಳ್ಳುವ ಸರದಿ ನನ್ನದು. ಸೊಪ್ಪಿನ ಕಟ್ಟು ಮನೆಗೆ ತಂದೆ. ಅಪ್ಪ ಮೂಸಿ ನೋಡಿ ನಕ್ಕರು.

‘ನೀರು ಚೆಲ್ಲೋಕೆ ಹೇಳೋ ನಿಮ್ಮಮ್ಮಂಗೆ.’

ಒಳಗಿನಿಂದ ಅಮ್ಮನ ದನಿ ಬಂತು: ‘ನಿಮಗೋಸ್ಕರ ಚೆಲ್ದೋಳು ಮಗನಿಗೋಸ್ಕರ ಚೆಲ್ಲಲ್ವಾ?’

ಸ್ವಲ್ಪ ಹೊತ್ತಿಗೆ ಸಿಂಕಿನಲ್ಲಿ ಬಿಸಿನೀರು ಸುರಿದ ಸದ್ದು ಕೇಳಿಸಿತು. ಒಂದು ವಾರದಲ್ಲಿ ಮೊದಲ ಸಲ ನನಗೆ ಚೆನ್ನಾಗಿ ಹಸಿವಾಯಿತು.