ಸೊಯ್ಲಾಳ ಪಾಲು

ಸ್ಪ್ಯಾನಿಷ್ ಮಾತಾಡುವ ಕ್ವೆಂಕಾ ಊರಲ್ಲಿ ನೆಲೆಸಿದ ಅಮೆರಿಕದ ಮುದುಕ ಮುದುಕಿಯರಿಗೆ ಹಲ್ಲುನೋವು ಬರಲಿ, ಎದೆನೋವು ಬರಲಿ, ಮೊದಲು ನೆನಪಾಗುತ್ತಿದ್ದದ್ದು ಡಾಕ್ಟರಲ್ಲ, ಸೊಯ್ಲಾ ಕಿಷ್ಪೆ. ಅವರ ಜೊತೆ ಆಸ್ಪತ್ರೆಗೆ ಹೋಗಿ, ಅವರ ಮಾತು ಡಾಕ್ಟರಿಗೂ ಡಾಕ್ಟರ ಮಾತು ಅವರಿಗೂ ತಿಳಿಸುವುದು ಅವಳ ಕೆಲಸ. ಅದಕ್ಕೊಂದು ದಿನಗೂಲಿ.

ಅವಳ ಇಂಗ್ಲಿಷ್ ಶಾಲೆಯದಲ್ಲ. ನ್ಯೂಯಾರ್ಕಿನಲ್ಲಿ ಮನೆಗೆಲಸ ಮಾಡಿಕೊಂಡು ಹಲವು ವರ್ಷ ಇದ್ದವಳು. ಅಲ್ಲಿ ಒಂದು ಅಪೆಂಡಿಕ್ಸ್ ಆಪರೇಷನ್ನಿನ ಬಿಲ್ಲು ತೀರಿಸುವಷ್ಟರಲ್ಲಿ ಹೈರಾಣಾಗಿ ಊರಿಗೆ ವಾಪಸಾಗಿದ್ದಳು. ಅಂಥವೇ ಬಿಲ್ಲುಗಳಿಗೆ ಹೆದರಿ ಆ ದೇಶದವರೇ ತನ್ನೂರಿಗೆ ಬಂದು ಬಾಡಿಗೆ ಮನೆ ಹಿಡಿಯತೊಡಗಿದಾಗ ಅವಳಿಗೆ ಮೊದಲು ನಗು ಬಂತು, ಆಮೇಲೆ ಕನಿಕರ.

ಲೊರೆಟ್ಟಾ ಬಂದದ್ದೂ ಹಾಗೆಯೇ. ಮಿಶಿಗನ್ನಿನಲ್ಲಿ ಶಾಲೆಯ ಬಸ್ಸು ಓಡಿಸುತ್ತಿದ್ದವಳು. ಗಂಡನ ಕ್ಯಾನ್ಸರು ಗಂಡನನ್ನೂ ನುಂಗಿತು, ಮನೆಯನ್ನೂ ನುಂಗಿತು. ಉಳಿದ ಪಿಂಚಣಿಯಲ್ಲಿ ಇಲ್ಲಾದರೂ ಮಾನವಾಗಿ ಬದುಕೋಣ ಅಂತ ಬಂದಳು. ಸೊಯ್ಲಾ ಅವಳನ್ನು ಅಕ್ಕ ಅನ್ನುತ್ತಿದ್ದಳು, ನೀನು ಅನ್ನುತ್ತಿದ್ದಳು. ಭಾನುವಾರದ ಊಟ ಸೊಯ್ಲಾಳ ಮನೆಯಲ್ಲೇ: ಮೋತೆ ಅನ್ನುವ, ಮೊಟ್ಟೆ ಹಾಕಿ ಹುರಿದ ಮೆಕ್ಕೆಜೋಳ, ಹುರಿದ ಹಂದಿಮಾಂಸ. ಲೊರೆಟ್ಟಾಳಿಂದ ಮಾತ್ರ ಅವಳು ಕೂಲಿ ಮುಟ್ಟುತ್ತಿರಲಿಲ್ಲ.

ಲೊರೆಟ್ಟಾಳ ಮಂಡಿ ಬದಲಿಸಬೇಕಾಗಿ ಬಂತು. ಸೊಯ್ಲಾ ಒಂದು ಖಾಸಗಿ ಕ್ಲಿನಿಕ್ಕಿಗೆ ಕರೆದೊಯ್ದು, ಆಪರೇಷನ್ ಮುಗಿದು ಮನೆಗೆ ಕಳಿಸುವವರೆಗೂ ಅವಳ ಮಂಚದ ಪಕ್ಕದ ಕುರ್ಚಿಯಲ್ಲೇ ಮಲಗಿದಳು. ಬೆಡ್‌ಪ್ಯಾನ್ ಇಟ್ಟಳು, ತಲೆ ಬಾಚಿದಳು.

ಮುಂದಿನ ಭಾನುವಾರ ಲೊರೆಟ್ಟಾ ಬರಲಿಲ್ಲ. ಫೋನು ಮಾಡಿದರೆ "ಕಾಲು ನೋವು" ಅಂದಳು. ಅದರ ಮುಂದಿನ ವಾರ ಎತ್ತಲೇ ಇಲ್ಲ. ಬೇರೆಯವರ ಕರೆಗಳೂ ಒಂದೊಂದಾಗಿ ನಿಂತವು. ಮಾರ್ಕೆಟ್ಟಿನಲ್ಲಿ ಎದುರಾದ ವರ್ನನ್ ಮುದುಕ, ಬಾಯಿಗೆ ಬೀಗವಿಲ್ಲದವನು, ನಗುತ್ತಲೇ ಕೇಳಿಬಿಟ್ಟ:

"ಏನಮ್ಮಾ, ಮಂಡಿಗೊಂದು ರೇಟು, ಸೊಂಟಕ್ಕೊಂದು ರೇಟಂತೆ? ನನ್ನ ಕಣ್ಣಿನ ಪೊರೆಯಲ್ಲಿ ನಿನಗೆಷ್ಟು ಸಿಕ್ತು?"

"ಯಾರು ಹೇಳಿದ್ದು?"

"ಲೊರೆಟ್ಟಾನೇ. ಕೆಫೆಯಲ್ಲಿ, ಎಲ್ಲರ ಮುಂದೆ."

ಸೊಯ್ಲಾ ತರಕಾರಿ ಚೀಲ ಹಿಡಿದುಕೊಂಡೇ ಲೊರೆಟ್ಟಾಳ ಮನೆಗೆ ನಡೆದಳು. ಲೊರೆಟ್ಟಾ ಬಾಗಿಲನ್ನು ಅರ್ಧ ಮಾತ್ರ ತೆರೆದಳು.

"ಬಿಲ್ಲು ಹೇಳಿದ್ದಕ್ಕಿಂತ ಜಾಸ್ತಿ ಬಂತು. ಯಾಕೆ ಅಂತ ಮ್ಯಾನೇಜರನ್ನ ಕೇಳ್ದೆ. ನಿನ್ನ ಪಾಲೂ ಸೇರಿದೆ ಅಂದ. ನಿನಗೆ ಕಷ್ಟ ಇದ್ರೆ ನನ್ನನ್ನೇ ಕೇಳ್ಬಹುದಿತ್ತಲ್ಲ, ಸೊಯ್ಲಾ."

"ನೀನು ನನ್ನನ್ನ ಕೇಳ್ಬಹುದಿತ್ತಲ್ಲ, ಅಕ್ಕಾ?"

ಲೊರೆಟ್ಟಾ ಬಾಗಿಲು ಮುಂದೆ ಮಾಡಿಕೊಂಡಳು. ಸೊಯ್ಲಾಳಿಗೆ ಅಳು ಬರಲಿಲ್ಲ. ನ್ಯೂಯಾರ್ಕಿನ ಮನೆಗಳಲ್ಲಿ ಚಮಚ ಕಳೆದಾಗಲೆಲ್ಲ ಯಜಮಾನತಿಯರು ಅವಳ ಕೈಚೀಲದ ಕಡೆ ನೋಡುತ್ತಿದ್ದರು. ಆದರೆ ಅವರ್ಯಾರೂ ಅವಳ ಮನೆಯಲ್ಲಿ ಉಂಡವರಲ್ಲ.

ತಿಂಗಳು ಕಳೆಯುವುದರೊಳಗೆ ಲೊರೆಟ್ಟಾಳ ಮಂಡಿ ಕೀವುಗಟ್ಟಿತು. ಜ್ವರದಲ್ಲಿ ಅದೇ ಕ್ಲಿನಿಕ್ಕಿಗೆ ಸೇರಿದಳು. ಅವಳ ಮಾತು ನರ್ಸುಗಳಿಗೆ ತಿಳಿಯದು, ಅವರದು ಇವಳಿಗೆ ತಿಳಿಯದು. ಕೊನೆಗೆ ಫೋನು ಬಂತು: "ಸೊಯ್ಲಾ, ಬಾರೇ. ಹೆದರಿಕೆ ಆಗ್ತಿದೆ."

"ಹೋಗ್ಬೇಡ," ಅಂದಳು ತಂಗಿ ನುಬೆ. "ಕಳ್ಳಿ ಅಂದೋಳ ಕೀವು ನೀನು ಒರೆಸ್ಬೇಕಾ?"

"ಜ್ವರದಲ್ಲಿರೋರ ಮೇಲೆ ಹಟ ಸಾಧಿಸೋದು ನನಗೆ ಬರಲ್ಲ," ಅಂತ ಸೊಯ್ಲಾ ಶಾಲು ಹೊದ್ದು ಹೊರಟಳು.

ಅವಳು ಮಂಚದ ಪಕ್ಕ ನಿಂತು ಡಾಕ್ಟರ ಮಾತು ತಿಳಿಸಿ ಮುಗಿಸುವಷ್ಟರಲ್ಲಿ ಮ್ಯಾನೇಜರ್ ಹೊಸ ಬಿಲ್ಲು ಹಿಡಿದು ಬಂದ. ಸ್ಪ್ಯಾನಿಷ್‌ನಲ್ಲೇ, ಸಲಿಗೆಯಿಂದ ಹೇಳಿದ: "ಹೋದ ಸಲ ಮುದುಕಿ ಗಲಾಟೆ ಎಬ್ಬಿಸಿದ್ಲು. ಪರದೇಶದೋರಿಗೆ ಜಾಸ್ತಿ ಹಾಕ್ತೀವಿ ಅಂತ ಹೇಳಕ್ಕಾಗುತ್ತಾ? ನಿನ್ನ ಹೆಸ್ರು ಹೇಳ್ದೆ. ಬೇಜಾರು ಮಾಡ್ಕೋಬೇಡ, ಈ ಸಲ ನಿಜವಾಗ್ಲೂ ನಿನಗೊಂದು ಪಾಲು ಕೊಡ್ತೀನಿ. ಸಹಿ ಮಾಡಿಸಿಬಿಡು."

ಸೊಯ್ಲಾ ಲೊರೆಟ್ಟಾಳ ಕಡೆ ತಿರುಗಿದಳು. ಅವನು ಅಂದದ್ದನ್ನು ಒಂದಕ್ಷರ ಬಿಡದೆ, ಅದೇ ದನಿಯಲ್ಲಿ ಇಂಗ್ಲಿಷಿಗೆ ತಂದಳು. ಮ್ಯಾನೇಜರನಿಗೆ ಇಂಗ್ಲಿಷ್ ಬರುತ್ತಿತ್ತು. ಮುಖ ಕೆಂಪಾಯಿತು.

"ಇದನ್ನೆಲ್ಲ ಹೇಳು ಅಂದೆನೇನೇ ನಾನು?"

"ರೋಗಿ ಮುಂದೆ ಆಡಿದ್ದನ್ನ ತಿಳಿಸೋದೇ ನನ್ನ ಕೆಲಸ ಸ್ವಾಮಿ. ಇನ್ನೇನಾದ್ರೂ ಇದೆಯಾ?"

ಅವನು ಬಿಲ್ಲು ಎತ್ತಿಕೊಂಡು ಹೋದ. ಲೊರೆಟ್ಟಾ ಅವಳ ಕೈ ಹಿಡಿದು ಅಳತೊಡಗಿದಳು. "ನಾನು ಎಂಥ ಕೆಲಸ ಮಾಡ್ದೆ. ಕ್ಷಮಿಸೇ."

ಸೊಯ್ಲಾ ಕೈ ಬಿಡಿಸಿಕೊಂಡು ಅವಳ ದಿಂಬು ಸರಿಮಾಡಿದಳು. "ಅವನು ಸುಳ್ಳು ಹೇಳ್ದ. ಅವನೇನು ನನ್ನ ನೆಂಟನಲ್ಲ. ನೀವು ನಂಬಿದ್ರಿ. ಮಾತ್ರೆ ತಗೊಳ್ಳಿ ಅಮ್ಮಾವ್ರೇ."

ಆ 'ಅಮ್ಮಾವ್ರೇ' ಕೇಳಿ ಲೊರೆಟ್ಟಾ ಇನ್ನೂ ಜೋರಾಗಿ ಅತ್ತಳು.

ಮರುದಿನವೇ ಸೊಯ್ಲಾ ಅವಳನ್ನು ಸರ್ಕಾರಿ ಆಸ್ಪತ್ರೆಗೆ ಸೇರಿಸಿದಳು. ಮಂಡಿ ವಾಸಿಯಾಯಿತು. ಲೊರೆಟ್ಟಾ ಕೋಲೂರಿಕೊಂಡು ಕೆಫೆಗೆ ಹೋಗಿ, ಎಲ್ಲರ ಮುಂದೆ ನಿಂತು, ತಪ್ಪು ತನ್ನದು ಅಂದಳಂತೆ. ಸೊಯ್ಲಾಳ ಫೋನು ಮತ್ತೆ ಬಡಿದುಕೊಳ್ಳತೊಡಗಿತು. ಅವಳು ಎಲ್ಲರ ಜೊತೆಗೂ ಹೋದಳು, ಲೊರೆಟ್ಟಾಳ ಜೊತೆಗೂ. ಆದರೆ ಈಗ ಲೊರೆಟ್ಟಾಳಿಂದಲೂ ದಿನದ ಕೂಲಿ ಎಣಿಸಿಕೊಳ್ಳುತ್ತಿದ್ದಳು.

ಒಂದು ಭಾನುವಾರ ಲೊರೆಟ್ಟಾ ತಾನೇ ಮಾಡಿದ ಕೇಕು ಹಿಡಿದು ಬಂದು ಬಾಗಿಲಲ್ಲಿ ನಿಂತಳು. ಒಳಗಿನಿಂದ ಹಂದಿಮಾಂಸ ಹುರಿಯುವ ವಾಸನೆ ಬರುತ್ತಿತ್ತು. ಸೊಯ್ಲಾ ಕೇಕು ತೆಗೆದುಕೊಂಡಳು, ಮಂಡಿ ಹೇಗಿದೆ ಅಂತ ಕೇಳಿದಳು, ಮೆಟ್ಟಿಲು ಹುಷಾರು ಅಂದಳು. ಒಳಗೆ ಬಾ ಅನ್ನಲಿಲ್ಲ.