ಬಿಜೈಯಲ್ಲಿ ಮಲಗಿ ನೋಡಿದ ಮಾಡು

ಇದನ್ನು ನಾನು ಯಾರಿಗೂ ಹೇಳಿದ್ದಿಲ್ಲ. ನನಗೆ ಮಾತಾಡ್ಲಿಕ್ಕೆ ನಾಚಿಕೆ, ಪುಸ್ತಕ ಇದ್ದರೆ ಸಾಕು. ನಮ್ಮ ಮಾಮ ಬಾಡಿಗೆ ಮನೆಗಳನ್ನು ನೋಡಿ, ಎಲ್ಲಿ ಹಾಳಾಗಿದೆ, ಯಾರಿಂದ ಹಾಳಾಗಿದೆ ಅಂತ ಹೇಳುವವರು. ರಜೆಯಲ್ಲಿ ನನ್ನನ್ನೂ ಕರ್ಕೊಂಡು ಹೋಗ್ತಿದ್ರು.

ಆ ದಿನ ಹೋದದ್ದು ಬಿಜೈಯ ಒಂದು ಹಂಚಿನ ಮನೆಗೆ. ಮನೆಯ ಛಾವಣಿಗೆ ನಮ್ಮಲ್ಲಿ ಮಾಡು ಅಂತ ಹೇಳುದು. ಬಾಡಿಗೆಗೆ ಇದ್ದದ್ದು ಐಸಮ್ಮ. ಮನೆಯ ಧಣಿ, ಎಲ್ಲರೂ ಪೊರ್ಬುಗಳು ಅಂತ ಕರೆಯುವವರು, ಬಾಗಿಲಲ್ಲೇ ಶುರು ಮಾಡಿದ್ರು: "ಮಾಡು ಪೂರಾ ಹಾಳು ಮಾಡಿದ್ದಾರೆ. ಮನೆ ಖಾಲಿ ಮಾಡ್ಲಿ."

"ನಾನು ಎಲ್ಲಿಗೆ ಹೋಗುದು ಪೊರ್ಬುಗಳೇ?" ಅಂದ್ರು ಐಸಮ್ಮ.

ಮಾಮ ಬಾಗಿಲು, ಕಿಟಕಿ ಎಲ್ಲ ಮುಚ್ಚಿ ನೆಲದಲ್ಲಿ ಅಂಗಾತ ಮಲಗಿದ್ರು. ಹಂಚು ಒಡೆದಿದ್ರೆ ಕತ್ತಲಲ್ಲಿ ಬೆಳಕು ಕಾಣ್ತದೆ, ಅದೇ ಅವರ ಕ್ರಮ. "ನೀವೂ ಮಲಗಿ ನೋಡಿ, ಮತ್ತೆ ಮಾತಾಡುವ," ಅಂದ್ರು. ಪೊರ್ಬುಗಳು ಗೊಣಗಿಕೊಂಡೇ ಮಲಗಿದ್ರು. ನಾನೂ ಮಲಗಿದೆ.

ಮಧ್ಯಾಹ್ನದ ಹೊತ್ತು, ಕೆಂಪು ನೆಲ ತಣ್ಣಗಿತ್ತು. ಮೇಲೆ ಒಂದೇ ಒಂದು ಬೆಳಕಿನ ಚುಕ್ಕೆ. ಅದರಿಂದ ಇಳಿದ ಬಿಸಿಲಿನ ಕೋಲಲ್ಲಿ ಧೂಳು ಮೆಲ್ಲ ಈಜ್ತಾ ಇತ್ತು. ಸಮುದ್ರದ ಅಡಿಯಲ್ಲಿ ಮಲಗಿದ ಹಾಗೆ ಆಯ್ತು ನನಗೆ. ಸ್ವಲ್ಪ ಹೊತ್ತಲ್ಲಿ ಪೊರ್ಬುಗಳ ಗೊರಕೆ ಕೇಳಿತು.

ಅವರು ಎದ್ದಾಗ ಐಸಮ್ಮ ಚಾ ಹಿಡ್ಕೊಂಡು ನಿಂತಿದ್ರು. "ಹಾಳು ಮನೆಯಲ್ಲಿ ಎಂತ ನಿದ್ದೆ ಮಾರಾಯ್ರೆ!"

ಪೊರ್ಬುಗಳು ಮುಖ ಒರೆಸಿಕೊಂಡ್ರು. "ಆ ಒಂದು ಹಂಚು ನಾನೇ ಹಾಕಿಸ್ತೇನೆ. ನೀವು ಇರಿ," ಅಂದ್ರು.

ಈಗ ಮಧ್ಯಾಹ್ನ ಅಂಗಾತ ಮಲಗಿ ಓದುವಾಗ ಅಮ್ಮ ಬೈದರೆ, ಮಾಡು ನೋಡ್ತಿದ್ದೇನೆ ಅಂತೇನೆ. ಕಣ್ಣಿಗೂ ಮಾಡಿಗೂ ನಡುವೆ ಪುಸ್ತಕ ಅಡ್ಡ ಉಂಟು ಅಂತ ಅಮ್ಮನಿಗೂ ಗೊತ್ತುಂಟು.