ಗಿರಣಿಯಲ್ಲಿ ನಿದ್ದೆ ಹೋಗುತ್ತಿದ್ದ ತಮ್ಮ

ಕರೆಂಟು ಬರುವ ಹೊತ್ತನ್ನು ನೋಡಿಕೊಂಡು ಊರಿನ ಕೆಲಸಗಳೆಲ್ಲ ನಡೆಯುತ್ತಿದ್ದ ಕಾಲ ಅದು. ನಮ್ಮ ಸಾಲಹಳ್ಳಿಯಲ್ಲಿ ಬೇಸಿಗೆ ಬಂತೆಂದರೆ ಹೊಲದ ಪಂಪು, ಗಿರಣಿ ನಡೆಸುವಂಥ ಕರೆಂಟು ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಮಾತ್ರ ಇರುತ್ತಿತ್ತು. ಅದು ಬಂದ ಕೂಡಲೇ ಹುಸೇನಕಾಕಾನ ಹಿಟ್ಟಿನ ಗಿರಣಿ ಪಟಪಟ ಎಂದು ಸುರುವಾಗುತ್ತಿತ್ತು. ಹೆಂಗಸರು ಜೋಳದ ಡಬ್ಬಿ ತಲೆಯ ಮೇಲಿಟ್ಟುಕೊಂಡು ಹೊರಡುತ್ತಿದ್ದರು. ಆ ಸದ್ದು ಕೇಳಿದರೆ ಊರಿಗೆಲ್ಲ ಸಮಾಧಾನ. ಒಂದು ಬೇಸಿಗೆಯಲ್ಲಿ ಮಾತ್ರ ಅದನ್ನು ಕೇಳಿದರೆ ನನ್ನ ಹೊಟ್ಟೆಯೊಳಗೆ ಕೆಂಡ ಬೀಳುತ್ತಿತ್ತು.

ನನಗಾಗ ಒಂಬತ್ತು ವರ್ಷ. ತಮ್ಮ ಮಲ್ಲುವಿಗೆ ಏಳು ತಿಂಗಳು. ನಮ್ಮದು ಅಯ್ಯನವರ ಮನೆತನ. ಅಜ್ಜ ಇದ್ದಾಗ ಊರಲ್ಲಿ ಮದುವೆಯಿರಲಿ, ಮನೆ ತುಂಬುವುದಿರಲಿ, ಅವನೇ ಬಂದು ಮಂತ್ರ ಹೇಳಬೇಕಿತ್ತು. ಅಪ್ಪ ಆ ದಾರಿ ಬಿಟ್ಟು ಬಸ್ ಕಂಡಕ್ಟರ್ ಆಗಿದ್ದ. ನಸುಕಿನಲ್ಲಿ ರಾಮದುರ್ಗಕ್ಕೆ ಹೋದರೆ ದೀಪ ಹಚ್ಚುವ ಹೊತ್ತಿಗೆ ತಿರುಗಿ ಬರುತ್ತಿದ್ದ. ಅಪ್ಪನ ತಾಯಿ, ನಮ್ಮ ಆಯಿ, ಆ ವರ್ಷ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಹಿಡಿದು ಮಲಗಿದ್ದಳು. ಹಗಲೆಲ್ಲ ಮನೆಯಲ್ಲಿ ಆಯಿ, ಅವ್ವ, ನಾನು ಮತ್ತು ಆ ಕೂಸು.

ಮಲ್ಲು ಹುಟ್ಟುವ ಮೊದಲು ಮಧ್ಯಾಹ್ನಗಳು ನನ್ನವಾಗಿದ್ದವು. ಊಟದ ಭಾಂಡೆ ತೊಳೆದಿಟ್ಟು ಅವ್ವ ನಡುಮನೆಯ ತಂಪು ನೆಲದ ಮೇಲೆ ಕೂತು ನನ್ನನ್ನು ಮೊಣಕಾಲ ನಡುವೆ ಕೂರಿಸಿಕೊಳ್ಳುತ್ತಿದ್ದಳು. ಎಣ್ಣೆ ಹಚ್ಚಿ, ಹೇನು ನೋಡಿ, ಎರಡು ಹೆರಳು ಹಾಕುತ್ತಿದ್ದಳು. ಆಮೇಲೆ ಸುಣ್ಣದ ಕಡ್ಡಿಯಿಂದ ನೆಲದ ಮೇಲೆ ಮನೆ ಬರೆದು ಚೌಕಾಬಾರ ಆಡುತ್ತಿದ್ದೆವು. ಉಜ್ಜಿದ ಹುಣಸೆಬೀಜಗಳೇ ಕವಡೆ. ನಾನು ಸೋಲುವ ಹೊತ್ತಿಗೆ ಅವ್ವನಿಗೆ ಸರಿಯಾಗಿ ನಿದ್ದೆ ಬರುತ್ತಿತ್ತು. ಅದು ಸುಳ್ಳು ನಿದ್ದೆ ಎಂದು ನನಗೆ ಗೊತ್ತಿತ್ತು. ಆದರೂ ಗೆದ್ದೆನೆಂದು ಕುಣಿಯುತ್ತಿದ್ದೆ.

ಮಲ್ಲು ಬಂದ. ಹಗಲು ಕಣ್ಣು ಮುಚ್ಚಲಾರೆನೆಂದು ಹಠ ಹಿಡಿದ. ತೊಟ್ಟಿಲಿಗೆ ಹಾಕಿದರೆ ಬೆನ್ನು ಬಿಲ್ಲಿನ ಹಾಗೆ ಬಾಗಿಸಿ ಚೀರುತ್ತಿದ್ದ. ಎದೆಹಾಲು ಕುಡಿಯುತ್ತ ಕಣ್ಣು ಎಳೆದರೂ, ಕೆಳಗಿಟ್ಟ ಕೂಡಲೇ ಪಿಳಿಪಿಳಿ ನೋಡುತ್ತಿದ್ದ. ಆಯಿ ಮಲಗಿದಲ್ಲಿಂದಲೇ ಒಂದೊಂದು ಉಪಾಯ ಹೇಳುತ್ತಿದ್ದಳು.

"ಜಾಜಿಕಾಯಿ ತೇಯ್ದ ನೆಕ್ಕಸ. ನಮ್ಮ ಬಸ್ಯಾ ಹಿಂಗ ಮಾಡ್ತಿದ್ದ, ಒಂದ ನೆಕ್ಕಿಗೆ ಬಿದ್ಕೊಂತಿದ್ದ."

ಬಸ್ಯಾ ಎಂದರೆ ಅಪ್ಪ. ಜಾಜಿಕಾಯಿ ಆಯಿತು, ಬಿಸಿಬಿಸಿ ಎಣ್ಣೆನೀರು ಆಯಿತು, ಲೋಬಾನದ ಹೊಗೆ ಆಯಿತು. ಉಪ್ಪು ಮೆಣಸಿನಕಾಯಿ ಇಳಿಸಿ ದೃಷ್ಟಿಯನ್ನೂ ತೆಗೆದರು. ಮಲ್ಲು ಹೊಗೆಯೊಳಗೇ ನಗುತ್ತ ಕೂತ. ಅವ್ವ ಅವನನ್ನು ಹೆಗಲಿಗೆ ಹಾಕಿಕೊಂಡು ಪಡಸಾಲೆಯಿಂದ ಹಿತ್ತಿಲಿಗೆ, ಹಿತ್ತಿಲಿಂದ ಪಡಸಾಲೆಗೆ ನಡೆಯುತ್ತಿದ್ದಳು. ಹೆರಳು ಹಾಕೆಂದು ನಾನು ಬಾಚಣಿಕೆ ಹಿಡಿದು ಹಿಂದೆ ಹಿಂದೆ ತಿರುಗುತ್ತಿದ್ದೆ.

"ಸುಮ್ಮಿ, ನೀ ದೊಡ್ಡಾಕಿ ಆಗೀದಿಲ್ಲ? ನೀನ ಹಾಕ್ಕೋ ನೋಡೂಣು."

ದೊಡ್ಡಾಕಿ ಆಗ್ತೀಯೇನು ಎಂದು ನನ್ನನ್ನು ಯಾರೂ ಕೇಳಿರಲಿಲ್ಲ.

ಗಿರಣಿಯ ವಿಷಯ ಗೊತ್ತಾದದ್ದು ಅಚಾನಕ್ಕಾಗಿ. ಒಂದು ದಿನ ಹಿಟ್ಟು ಮುಗಿದಿತ್ತು. ಅವ್ವ ಒಂದು ಕಂಕುಳಲ್ಲಿ ಡಬ್ಬಿ, ಇನ್ನೊಂದರಲ್ಲಿ ಮಲ್ಲುವನ್ನು ಇಟ್ಟುಕೊಂಡು ಹೋದಳು. ಅರ್ಧ ತಾಸಿನಲ್ಲಿ ಬರುತ್ತೇನೆಂದವಳು ಮೂರು ಗಂಟೆಯಾದರೂ ಬರಲಿಲ್ಲ. ಕರೆಂಟು ಹೋದ ಮೇಲೆ ಬಂದಾಗ ಅವಳ ಮುಖ ಹಬ್ಬದ ದಿನದ ಹಾಗಿತ್ತು.

"ಅತ್ತಿ, ಕೂಸು ಮಲಗಿತ್ರೀ! ಗಿರಣಿ ಸಪ್ಪಳಕ್ಕ ಹೆಂಗ ಮಲಗಿತ್ತಂದ್ರ, ಎತ್ತಿ ಒಗದ್ರೂ ಏಳ್ತಿರಲಿಲ್ಲ. ಗಿರಣಿ ನಿಂತ ಕೂಡ್ಲೆ ಎದ್ದ."

"ಹಿಟ್ಟಿನ ಧೂಳಿನ್ಯಾಗ ಕೂಸಿನ್ನ ಮಲಗಸೂದಂದ್ರ..." ಎಂದು ಆಯಿ ರಾಗ ತೆಗೆದಳು. ಅವ್ವ ಕೇಳಿಸಿಕೊಳ್ಳಲಿಲ್ಲ. ಮರುದಿನ ಗಿರಣಿ ಪಟಪಟ ಎಂದ ಕೂಡಲೇ ಹಳೆಯ ಸೀರೆಯೊಂದನ್ನು ಹೆಗಲಿಗೆ ಹಾಕಿಕೊಂಡು ಕೂಸನ್ನೆತ್ತಿ ಹೊರಟಳು. ಗಿರಣಿಯ ಒಳಕೋಣೆಯ ತೊಲೆಗೆ ಆ ಸೀರೆಯ ಜೋಳಿಗೆ ಕಟ್ಟಲು ಹುಸೇನಕಾಕಾ ಒಪ್ಪಿದ್ದ. ಧೂಳು ಬೀಳದ ಹಾಗೆ ಮೇಲೊಂದು ತೆಳ್ಳನೆಯ ಬಟ್ಟೆ. ನಾನೂ ಬರುತ್ತೇನೆಂದೆ.

"ಆಯೀ ಹತ್ರ ಯಾರ ಇರ್ತಾರ? ನೀರ ಬೇಕಂದ್ರ? ನೀ ಶ್ಯಾಣ್ಯಾ ಹುಡುಗಿ ಅಲ್ಲ?"

ಆಮೇಲೆ ದಿನವೂ ಇದೇ ನಡೆಯಿತು. ಮೂರು ತಾಸು ಆಯಿಯ ಗೊರಕೆ ಕೇಳುತ್ತ, ಬೀಸಣಿಕೆ ಬೀಸುತ್ತ ಕೂರುತ್ತಿದ್ದೆ. ದೂರದಲ್ಲಿ ಆ ಪಟಪಟ. ಅದರೊಳಗೆ ನನ್ನ ಅವ್ವ. ಮಂಗಳವಾರ ಖಾರ ಬೀಸುವ ದಿನ. ಘಾಟಿಗೆ ಅವ್ವ ಕೂಸನ್ನು ಒಯ್ಯುತ್ತಿರಲಿಲ್ಲ. ಮಂಗಳವಾರ ಬರಲೆಂದು ಕಾಯುತ್ತಿದ್ದೆ. ಬಂದರೆ ಅದೂ ನನ್ನದಲ್ಲ. ಚೀರುವ ಮಲ್ಲುವನ್ನು ಹೊತ್ತು ಅವ್ವ ಮತ್ತೆ ಪಡಸಾಲೆ ಅಳೆಯುತ್ತಿದ್ದಳು.

ಗಿರಣಿಯಲ್ಲಿ ಹುಸೇನಕಾಕಾನ ಮಗಳು ಮಾಬೂಬಿ ಇರುತ್ತಿದ್ದಳು. ನನ್ನದೇ ವರ್ಗ, ನನಗಿಂತ ಗೇಣುದ್ದ ಎತ್ತರ. ಆರು ಮಕ್ಕಳಲ್ಲಿ ನಾಲ್ಕನೆಯವಳು. ಅವಳ ಅವ್ವ ಕೂಲಿಗೆ ಹೋಗುತ್ತಿದ್ದಳು. ಹುಸೇನಕಾಕಾ ಊಟಕ್ಕೆ, ನಮಾಜಿಗೆ ಹೋದಾಗ ಗಿರಣಿ ನೋಡಿಕೊಳ್ಳುವುದು ಇವಳ ಕೆಲಸ. ನನ್ನ ಅವ್ವ ಮನೆಗೆ ಬಂದರೆ ಬಾಯಲ್ಲಿ ಮಾಬೂಬಿಯದೇ ಮಾತು. "ಮಾಬೂಬಿ ಕೂಸಿನ್ನ ಎಷ್ಟ ಚೊಲೊ ತೂಗ್ತಾಳಂತಿ." "ಮಾಬೂಬಿ ಇವತ್ತ ನಗಿಸಿ ಇಟ್ಲು ನನ್ನ." ಒಂದು ದಿನ ಡಬ್ಬಿಯಲ್ಲಿ ಶೇಂಗಾ ಉಂಡೆ ಎರಡು ಕಡಿಮೆಯಾಗಿದ್ದವು. ಯಾರಿಗೆ ಹೋದವೆಂದು ಕೇಳಲೇ ಇಲ್ಲ. ಕೇಳಿದರೆ ಅಳು ಬರುತ್ತಿತ್ತು.

ಕೊನೆಗೊಂದು ಮಧ್ಯಾಹ್ನ ಆಯಿ ನಿದ್ದೆ ಹೋದದ್ದನ್ನು ನೋಡಿ, ಬಾಗಿಲು ಮುಂದೆ ಮಾಡಿ ಓಡಿದೆ. ಮೆಟ್ಟು ಹಾಕಿಕೊಳ್ಳುವ ವ್ಯವಧಾನವಿರಲಿಲ್ಲ. ಕಾದ ಮಣ್ಣಿನಲ್ಲಿ ಅಂಗಾಲು ಸುಡುತ್ತ, ನೆರಳಿದ್ದಲ್ಲಿ ಒಂದು ಗಳಿಗೆ ನಿಂತು, ಮತ್ತೆ ಓಡಿ ಗಿರಣಿಯ ಬಾಗಿಲು ಮುಟ್ಟಿದೆ. ಬಿಸಿ ಹಿಟ್ಟಿನ ವಾಸನೆ ಮುಖಕ್ಕೆ ಬಡಿಯಿತು. ಡಬ್ಬಿ ಇಟ್ಟು ಹೋದ ಹೆಂಗಸರು ಇನ್ನೂ ಬಂದಿರಲಿಲ್ಲ. ಹುಸೇನಕಾಕಾ ಊಟಕ್ಕೆ ಹೋಗಿದ್ದ. ಒಳಕೋಣೆಯಲ್ಲಿ ಜೋಳಿಗೆ ಅಲುಗುತ್ತಿರಲಿಲ್ಲ. ಅದರ ಕೆಳಗೆ ಅವ್ವ ಚೀಲಗಳಿಗೆ ಒರಗಿ ಕೂತಿದ್ದಳು. ಅವಳ ಮೊಣಕಾಲ ನಡುವೆ ಮಾಬೂಬಿ.

ಅವ್ವ ಅವಳಿಗೆ ಹೆರಳು ಹಾಕುತ್ತಿದ್ದಳು.

ನಾನು ಬಾಗಿಲ ಮರೆಯಲ್ಲೇ ನಿಂತೆ. ಹೆರಳಿನ ತುದಿಗೆ ದಾರ ಕಟ್ಟುವಷ್ಟರಲ್ಲಿ ಅವ್ವನ ಕಣ್ಣು ಮುಚ್ಚಿದವು. ಈ ಸಲ ಸುಳ್ಳು ನಿದ್ದೆಯಲ್ಲ. ಬಾಯಿ ತುಸು ತೆರೆದಿತ್ತು. ಕೈ ಮಾಬೂಬಿಯ ಹೆಗಲ ಮೇಲೇ ಉಳಿಯಿತು. ಮಾಬೂಬಿ ಬಹಳ ಹೊತ್ತು ಅಲುಗಾಡಲಿಲ್ಲ. ಆಮೇಲೆ ಆ ಕೈಯನ್ನು ಎರಡೂ ಕೈಯಿಂದ ಎತ್ತಿ, ಮೆಲ್ಲಗೆ ಅವ್ವನ ಮಡಿಲಲ್ಲಿಟ್ಟು, ಕಾಳು ಮುಗಿಯಿತೇನೋ ನೋಡಲು ಗಿರಣಿಯ ಕಡೆ ಎದ್ದು ಬಂದಳು.

ಅವಳು ಅವ್ವನನ್ನು ಹೊಡೆದಿದ್ದರೂ ನನಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ. ಆ ಮೆಲ್ಲಗೆ ಇಟ್ಟದ್ದನ್ನು ತಡೆದುಕೊಳ್ಳಲಾಗಲಿಲ್ಲ.

ಬಾಗಿಲ ಪಕ್ಕದ ಗೋಡೆಯಲ್ಲಿ ಕಬ್ಬಿಣದ ಡಬ್ಬಿ, ಅದಕ್ಕೊಂದು ಹಿಡಿಕೆ. ಹುಸೇನಕಾಕಾ ಅದನ್ನು ಕೆಳಗೆಳೆದು ಗಿರಣಿ ನಿಲ್ಲಿಸುವುದನ್ನು ಎಷ್ಟೋ ಸಲ ನೋಡಿದ್ದೆ. ಚೀಲದ ಮೇಲೆ ಹತ್ತಿ ಎರಡೂ ಕೈಯಿಂದ ಜೋತುಬಿದ್ದೆ. ಪಟ್ಟ ಪಟ್ ಎಂದು ಬೆಲ್ಟು ಬಡಿದುಕೊಂಡು ನಿಧಾನವಾಯಿತು, ನಿಂತಿತು. ಊರೇ ಉಸಿರು ಹಿಡಿದ ಹಾಗಾಯಿತು. ಮರುಕ್ಷಣ ಮಲ್ಲು ಕಿಟಾರನೆ ಕಿರುಚಿದ. ನಾನು ತಿರುಗಿ ನೋಡದೆ ಓಡಿಬಂದು ಆಯಿಯ ಪಕ್ಕ ಬೀಸಣಿಕೆ ಹಿಡಿದು ಕೂತೆ.

ಅವ್ವ ಬೇಗ ಬಂದಳು. ಮುಖ ಬಾಡಿತ್ತು.

"ನನಗ ಕಣ್ಣ ಹತ್ತಿತ್ರೀ ಅತ್ತಿ. ಮಾಬೂಬಿ ಗಿರಣಿ ಬಂದ್ ಮಾಡ್ಯಾಳ. ಕಲ್ಲಿನ್ಯಾಗ ಕಾಳು ಸಿಕ್ಕೊಂಡು ಗಿರಣಿ ಮತ್ತ ಸುರುನ ಆಗಲಿಲ್ಲ. ಮಂದಿ ಎಲ್ಲಾ ಬೈಯಾಕ ಹತ್ತಿದ್ರು. ಅವರಪ್ಪ ಎಲ್ಲಾರ ಮುಂದ ಕಪಾಳಕ್ಕ ಹೊಡದಾ."

"ಯಾಕ ಬಂದ್ ಮಾಡಿದ್ಲಂತ?" ಎಂದಳು ಆಯಿ.

"ಬಾಯೇ ಬಿಡಲಿಲ್ಲ ಹುಡುಗಿ. ನಾ ಅಲ್ಲೇ ಕುಂತ ಹರಟಿ ಹೊಡ್ಯೂದಕ್ಕ ಅದರ ಧ್ಯಾನ ತಪ್ತೇತಿ. ಇನ್ನ ಹೋಗೂದಿಲ್ಲ ನಾ."

ನನಗೆ ಬೇಕಾದದ್ದು ಸಿಕ್ಕಿತ್ತು. ಅವತ್ತು ಎರಡು ರೊಟ್ಟಿ ಹೆಚ್ಚಿಗೆ ತಿಂದೆ.

ಮಲ್ಲು ಮತ್ತೆ ಹಗಲೆಲ್ಲ ಎಚ್ಚರ. ಅವ್ವನ ಕಣ್ಣ ಕೆಳಗೆ ಕಪ್ಪಾಯಿತು. ನನ್ನ ಬಾಚಣಿಕೆ ನೋಡಿದರೂ ನೋಡದವಳಂತೆ ಹೋಗುತ್ತಿದ್ದಳು. ಐದನೆಯ ದಿನವೋ ಆರನೆಯ ದಿನವೋ, ರೊಟ್ಟಿ ಬೇಯಿಸುತ್ತ ಕೂತಲ್ಲೇ ತೂಕಡಿಸಿ ಕಾದ ಹಂಚಿನ ಮೇಲೆ ಕೈ ಊರಿಬಿಟ್ಟಳು. ಅಂಗೈ ತುಂಬ ಬೊಬ್ಬೆ. ನಾನು ಓಡಿ ಹೋಗಿ ನೀರು ತಂದೆ. ಕೈಯನ್ನು ತಂಬಿಗೆಯಲ್ಲಿ ಅದ್ದಿಕೊಂಡು ಅವ್ವ ಅತ್ತಳು. ಸುಟ್ಟದ್ದಕ್ಕಲ್ಲ. "ಒಂದ ತಾಸ, ಒಂದ ತಾಸ ಮಲಗಿದ್ರ ಸಾಕಾಗಿತ್ತ ನನಗ," ಎನ್ನುತ್ತಿದ್ದಳು, ಚಿಕ್ಕ ಹುಡುಗಿಯ ಹಾಗೆ. ಅವ್ವನೂ ಹಾಗೆ ಅಳಬಲ್ಲಳೆಂದು ನನಗೆ ಗೊತ್ತಿರಲಿಲ್ಲ.

ಆ ಸಂಜೆ ಕೈಪಂಪಿನ ಬೋರಿನ ಹತ್ತಿರ ನೀರಿಗೆ ನಿಂತ ಮಾಬೂಬಿಯನ್ನು ಹುಡುಕಿಕೊಂಡು ಹೋದೆ.

"ಅವತ್ತ ಗಿರಣಿ ಬಂದ್ ಮಾಡಿದ್ದು ನಾನ," ಎಂದೆ.

"ಗೊತ್ತೈತಿ. ನಿನ್ನ ಹಸರ ಲಂಗಾ ಕಂಡಿತ್ತ ಬಾಗಲದಾಗ."

"ಮತ್ಯಾಕ ಹೇಳಲಿಲ್ಲ?"

ಅವಳು ಕೊಡ ಸರಿಸಿಟ್ಟಳು. "ಹೇಳಿದ್ರ ನಿಮ್ಮವ್ವ ಮತ್ತ ಬರೂದ ಬಿಡ್ತಾಳಂತ." ಕೊಡದ ಬಾಯಿ ಒರೆಸುತ್ತ ಅಂದಳು, "ಹೇಳಲಿಲ್ಲಂದ್ರೂ ಬಿಟ್ಲು."

"ನಿನಗ ನಿಮ್ಮವ್ವ ಇಲ್ಲೇನ? ನಮ್ಮವ್ವ ಯಾಕ ಬೇಕ?"

"ಅದಾಳ. ಆರ ಮಂದಿಗೆ ಅದಾಳ. ನನ್ನ ತಲಿ ನಮ್ಮಕ್ಕ ಬಾಚ್ತಾಳ, ಜಗ್ಗಿ ಜಗ್ಗಿ. ನೀ ಇಷ್ಟ ದಿನಾ ಒಬ್ಬಾಕಿನ ಉಂಡೀದಿ. ನಿನಗೇನ ತಿಳೀತೇತಿ?"

ಅವಳ ದನಿಯಲ್ಲಿ ಜಗಳವಿರಲಿಲ್ಲ. ನನ್ನ ಹೊಟ್ಟೆಯಲ್ಲಿದ್ದದ್ದೇ ಅವಳ ಹೊಟ್ಟೆಯಲ್ಲೂ ಇತ್ತು, ಅಷ್ಟೇ. ನಾನು ಮನೆಗೆ ಹೋಗಿ ಅವ್ವನಿಗೆ ಎಲ್ಲ ಹೇಳಿದೆ.

ಅವ್ವ ಹೊಡೆಯಲಿಲ್ಲ. ಬೊಬ್ಬೆಯಿಲ್ಲದ ಕೈಯಿಂದ ನನ್ನ ಮಣಿಕಟ್ಟು ಹಿಡಿದು ಹುಸೇನಕಾಕಾನ ಮನೆಗೆ ಎಳೆದುಕೊಂಡು ಹೋದಳು. ಕಟ್ಟೆಯ ಮೇಲೆ ಕೂತಿದ್ದ ನಾಲ್ಕು ಮಂದಿಯ ಎದುರಿಗೇ ಹೇಳಿಸಿದಳು. ಹುಸೇನಕಾಕಾ ಮೊದಲು ನನ್ನ ಕಾಲು ನೋಡಿದ.

"ತಂಗೀ, ನಿನ್ನ ಲಂಗಾ ಬೆಲ್ಟಿನ್ಯಾಗ ಸಿಕ್ಕಿದ್ರ ನಾ ಏನ ಮಾಡ್ಬೇಕಿತ್ತ? ಅಯ್ಯನೋರ ಮುಂದ ಹೆಂಗ ನಿಲ್ಲಬೇಕಿತ್ತ?" ಆಮೇಲೆ ಒಳಗಿದ್ದ ಮಗಳತ್ತ ತಿರುಗಿದ. ಹೊಡೆದ ಕೈಯನ್ನು ಇನ್ನೊಂದು ಕೈಯಿಂದ ಉಜ್ಜಿಕೊಳ್ಳುತ್ತಿದ್ದ. "ನಾಳೆಯಿಂದ ಕೂಸಿನ್ನ ಕರ್ಕೊಂಡ ಬರ್ರಿ ಅಮ್ಮಾರ," ಎಂದ. "ನನ್ನ ಮಗಳು ಅನ್ನ ಬಿಟ್ಟ ಕುಂತಾಳ."

ಮರುದಿನ ಗಿರಣಿ ಸುರುವಾದಾಗ ಆಯಿ ತಾನೇ ಅಂದಳು: "ತಂಬಗಿ ಕೈಗೆ ಸಿಗೂವಂಗ ಇಟ್ಟ ಹೋಗ. ಈಕಿನ್ನೂ ಒಯ್ಯಿ. ನನಗೇನ ಕಾವಲ ಬೇಕಾಗಿಲ್ಲ."

ಆಮೇಲಿನ ಇಪ್ಪತ್ತು ದಿನ ನಾನೂ ಗಿರಣಿಯಲ್ಲಿದ್ದೆ. ಅವ್ವನ ಕೈ ಮಾಯುವವರೆಗೆ ನಾನೂ ಮಾಬೂಬಿಯೂ ಒಬ್ಬರ ತಲೆ ಒಬ್ಬರು ಬಾಚಿದೆವು, ಜಗ್ಗಿ ಜಗ್ಗಿ. ಮಾಯ್ದ ಮೇಲೆ ಅವ್ವ ಒಂದು ದಿನ ಅವಳಿಗೆ ಮೊದಲು, ಒಂದು ದಿನ ನನಗೆ ಮೊದಲು ಹೆರಳು ಹಾಕುತ್ತಿದ್ದಳು. ನಾನು ಒಳ್ಳೆಯವಳಾದೆನೆಂದು ಹೇಳಲಾರೆ. ಅವಳ ಕೂದಲಲ್ಲಿ ಬಾಚಣಿಕೆ ಎಷ್ಟು ಸಲ ಆಡಿತೆಂದು ಎಣಿಸುತ್ತಿದ್ದೆ, ನನ್ನದರಲ್ಲಿ ಎಷ್ಟು ಎಂದೂ ಎಣಿಸುತ್ತಿದ್ದೆ. ಕಡಿಮೆಯಾದರೆ ತಲೆ ಅಲ್ಲಾಡಿಸಿ ಹೆರಳು ಬಿಚ್ಚಿಕೊಳ್ಳುತ್ತಿದ್ದೆ. ಅವ್ವ ಚೀಲಗಳ ಮೇಲೆ ನಿದ್ದೆ ಹೋಗುತ್ತಿದ್ದಳು. ಜೋಳಿಗೆಯಲ್ಲಿ ಮಲ್ಲು, ರೆಪ್ಪೆಯ ಮೇಲೆ ಸಣ್ಣಗೆ ಹಿಟ್ಟು. ಅವನನ್ನು ಯಾರು ತೂಗಬೇಕೆಂದು ಆಗ ನಮ್ಮಿಬ್ಬರಲ್ಲಿ ಜಗಳ ಸುರುವಾಯಿತು. ನನ್ನ ತಮ್ಮನನ್ನು ಇವಳೇಕೆ ತೂಗಬೇಕು? ಹೊಟ್ಟೆಕಿಚ್ಚು ಎಲ್ಲಿಯೂ ಹೋಗಿರಲಿಲ್ಲ, ಮಗ್ಗಲು ಬದಲಿಸಿತ್ತು.

ಮಳೆ ಬಿದ್ದು ಸಾಲೆ ತೆರೆಯಿತು. ಮಲ್ಲು ಅಂಬೆಗಾಲಿಟ್ಟು ಮನೆಯೆಲ್ಲ ಸುತ್ತಿ ದಣಿದು, ಎಲ್ಲಿ ಬಿದ್ದರೆ ಅಲ್ಲೇ ಮಲಗತೊಡಗಿದ. ಗಿರಣಿಯ ಮಧ್ಯಾಹ್ನಗಳು ಅಲ್ಲಿಗೆ ಮುಗಿದವು.

ಈಗ ಹುಸೇನಕಾಕಾ ಇಲ್ಲ. ಗಿರಣಿಯ ಜಾಗದಲ್ಲಿ ಮೊಬೈಲ್ ರಿಪೇರಿ ಅಂಗಡಿ ಬಂದಿದೆ. ಮಾಬೂಬಿ ಬೈಲಹೊಂಗಲಕ್ಕೆ ಮದುವೆಯಾಗಿ ಹೋದಳು. ಅವಳಿಗೆ ಇಬ್ಬರು ಹೆಣ್ಣುಮಕ್ಕಳು. ಆಯಿ ಹೋಗಿ ಬಹಳ ವರ್ಷವಾಯಿತು, ಅವ್ವ ಹೋಗಿ ಮೂರು. ಮಲ್ಲು ಕಿತ್ತೂರಿನಲ್ಲಿ ಔಷಧ ಅಂಗಡಿ ಇಟ್ಟಿದ್ದಾನೆ. ಕಳೆದ ತಿಂಗಳು ಅವನ ಮನೆಗೆ ಹೋದಾಗ, ಉಂಡು ಕೂತ ಹೊತ್ತಿನಲ್ಲಿ, ಮೊದಲ ಸಲ ಅವನಿಗೆ ಇದನ್ನೆಲ್ಲ ಹೇಳಿದೆ. ನಗುತ್ತಾನೆಂದುಕೊಂಡಿದ್ದೆ. ಅವನು ನಗಲಿಲ್ಲ.

"ಅಕ್ಕಾ, ಅವ್ವ ನಿನಗ ಎಷ್ಟ ಸಿಕ್ಕಾಳ ನೋಡು," ಎಂದ. "ಆಕೀ ನನ್ನ ಸಲುವಾಗಿ ಅಷ್ಟ ಓಡ್ಯಾಡಿದ್ಲು. ನಾ ಮಲಗಿದ್ದೆ. ನನಗ ಒಂದೂ ನೆನಪಿಲ್ಲ. ಆ ನೆನಪೂ ನಿನ್ನ ಕಡೇನ ಐತಿ."

ಆ ದನಿಯನ್ನು ನಾನು ಕೂಡಲೇ ಗುರುತಿಸಿದೆ. ಬೋರಿನ ಹತ್ತಿರ ಅದನ್ನು ಒಮ್ಮೆ ಕೇಳಿದ್ದೆ. ಅದಕ್ಕೂ ಮೊದಲು ನನ್ನೊಳಗೇ ಕೇಳಿದ್ದೆ.

"ಇನ್ನೂ ಏನರ ಇದ್ರ ಹೇಳ," ಎಂದ ಅವನು.

ಇತ್ತು. ಹೆರಳು ಹಾಕುವಾಗ, ಗಿರಣಿಯ ಸಪ್ಪಳದಲ್ಲಿ ಬೇರೆ ಯಾರಿಗೂ ಕೇಳದ ಹಾಗೆ, ಅವ್ವ ನನ್ನ ಕಿವಿಯ ಹತ್ತಿರ ಬಾಗಿ ಹೇಳುತ್ತಿದ್ದ ಒಂದು ಮಾತಿತ್ತು. ನಾಲಿಗೆಯ ತುದಿಯವರೆಗೆ ಬಂತು. ಎದುರಿಗೆ ಕೂತ ತಮ್ಮನ ಮುಖ ನೋಡಿದೆ, ಥೇಟ್ ಅವ್ವನದೇ ಮುಖ. ಆದರೂ ಹೇಳಲಿಲ್ಲ.

"ಇಷ್ಟ ನೋಡಪಾ," ಎಂದೆ. ಇಲ್ಲಿಯೂ ಅದನ್ನು ಬರೆಯಲಾರೆ.